ಒತ್ತಕ್ಷರಕ್ಕೂ ಜಾಗ ಬೇಕು

ಕಲಬುರಗಿಯ ನನ್ನ ಅಂಗಡಿಗೆ ಪೋಸ್ಟರ್ ಮಾಡಿಸಲು ಬರುವವರು ಮೊದಲು ಹೇಳುವ ಮಾತು ಒಂದೇ: "ಅಕ್ಷರ ದೊಡ್ಡವು ಇರ್ಲಿ ಸರ, ಕಲರ್ ಜಾಸ್ತಿ ಹಾಕ್ರಿ." ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳಬೇಕು ಎಂಬ ಆಸೆ ಸರಿಯೇ ಅಲ್ವಾ? ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಓದಲು ಬರುವುದಿಲ್ಲ.

"ಜಾತ್ರಾ ಮಹೋತ್ಸವ" ಎಂದು ಟೈಪ್ ಮಾಡಿ ನೋಡಿ. ಎರಡು ಕಡೆ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಕೆಳಗಿನ ಸಾಲು "ಶ್ರೀ" ಎಂದು ಶುರುವಾದರೆ ಅದರ ಗುಡಿಸು ಮೇಲಕ್ಕೆ ಏರುತ್ತದೆ. ಇಂಗ್ಲಿಷಿಗೆ ಬಿಡುವಷ್ಟೇ ಅಂತರ ಬಿಟ್ಟರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅಕ್ಷರದ ಸೈಜ್ 100 ಇದ್ದರೆ ನಾನು ಸಾಲಿನಿಂದ ಸಾಲಿಗೆ 140 ಇಡುತ್ತೇನೆ. ಜಾಗ ಸಾಲದಿದ್ದರೆ ಮಾತು ಕಡಿಮೆ ಮಾಡುತ್ತೇನೆ, ಅಕ್ಷರವನ್ನು ಮಾತ್ರ ಹಿಂಡುವುದಿಲ್ಲ. ಹಿಂಡಿದರೆ ನಮ್ಮ ಅಕ್ಷರದ ದುಂಡೇ ಹೋಗುತ್ತದೆ. ತಲೆಬರಹಕ್ಕೆ "ಬಾಲೂ ತಮ್ಮ" ಎಂಬಂಥ ದಪ್ಪ ಫಾಂಟ್, ವಿವರಕ್ಕೆ ನೋಟೋ ಸ್ಯಾನ್ಸ್ ಕನ್ನಡ. ಎರಡೂ ಪುಕ್ಕಟೆ ಸಿಗುತ್ತವೆ, ಮೂರನೆಯದು ಬೇಕಾಗುವುದಿಲ್ಲ. ಫೋಟೋಶಾಪಿನಲ್ಲಿ ಒತ್ತು ಒಡೆದು ಪಕ್ಕಕ್ಕೆ ಬರುತ್ತಿದ್ದರೆ "ವರ್ಲ್ಡ್ ರೆಡಿ ಲೇಔಟ್" ಎಂಬ ಸೆಟ್ಟಿಂಗ್ ಆನ್ ಮಾಡಿ, ಸರಿಹೋಗುತ್ತದೆ.

ದಪ್ಪ ಔಟ್‌ಲೈನ್ ಬಗ್ಗೆ ನನಗೆ ಈಗಲೂ ಭಯ. ಶುರುವಿನ ದಿನಗಳಲ್ಲಿ ಒಂದು ಗುಡಿಗೆ ಧನಸಹಾಯ ಮಾಡಿದವರ ಫ್ಲೆಕ್ಸ್ ಮಾಡಿದ್ದೆ. ಕೆಂಪು ಅಕ್ಷರ, ಸುತ್ತ ದಪ್ಪ ಹಳದಿ ಔಟ್‌ಲೈನ್. "ಧ" ಕೆಳಗಿನ ಸಣ್ಣ ಗೆರೆ ಅದರಲ್ಲೇ ಮುಚ್ಚಿಹೋಗಿ, ದೂರದಿಂದ "ದನಸಹಾಯ" ಎಂದು ಕಾಣುತ್ತಿತ್ತು. ಹಣ ಕೊಟ್ಟ ಹಿರಿಯರು ಬೇಜಾರು ಮಾಡಿಕೊಂಡರು. ಸ್ಕ್ರೀನಿನಲ್ಲಿ ಹತ್ತಿರದಿಂದ ನೋಡಿದ್ದೆ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿರಲಿಲ್ಲ. ರಾತ್ರಿಯೇ ಬೇರೆ ಪ್ರಿಂಟ್ ಹಾಕಿಸಿ ಕಟ್ಟಿ ಬಂದೆ.

ಬಣ್ಣದ ಪಾಠಕ್ಕೆ ಬೀದರಿನ ಬಿದರಿ ಹೂಜಿ ಸಾಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇರುವುದು ಎರಡೇ ಬಣ್ಣ, ಆದರೂ ಸಣ್ಣ ಬಳ್ಳಿಯ ಎಳೆಯೂ ಎದ್ದು ಕಾಣುತ್ತದೆ. ಒಂದು ಪೂರ್ತಿ ಗಾಢ, ಒಂದು ಪೂರ್ತಿ ತಿಳಿ, ಅದಕ್ಕೇ. ಕಡು ಹಸಿರಿನ ಮೇಲೆ ಕಡು ಕೆಂಪು ಬರೆದರೆ ಬಣ್ಣ ಬೇರೆ ಬೇರೆ, ಗಾಢ ಒಂದೇ. ಅನುಮಾನ ಬಂದರೆ ಡಿಸೈನನ್ನು ಮೊಬೈಲಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡಿ. ಅಲ್ಲಿ ಅಕ್ಷರ ಮುಳುಗಿದರೆ ಗೋಡೆಯ ಮೇಲೂ ಮುಳುಗುತ್ತದೆ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಕೆಂಪು, ಹಳದಿ ಮೊದಲು ಮಾಸುತ್ತವೆ. ಕಪ್ಪು, ನೀಲಿ ಹೆಚ್ಚು ದಿನ ನಿಲ್ಲುತ್ತವೆ. ಅದಕ್ಕೆ ತಾರೀಖು, ಸ್ಥಳ ಎರಡನ್ನೂ ಕಪ್ಪಿನಲ್ಲೇ ಹಾಕುತ್ತೇನೆ.

ಉರ್ದು ಸಾಲೂ ಇದ್ದರೆ ಅದಕ್ಕೆ ಎತ್ತರದ ಜಾಗ ಇನ್ನೂ ಹೆಚ್ಚು ಬೇಕು. ಉರ್ದು ಬರೆಯುವ ನಸ್ತಾಲೀಕ್ ಶೈಲಿಯ ಅಕ್ಷರ ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುತ್ತದೆ.

ಇಷ್ಟೆಲ್ಲ ಮಾಡಿ ಬಿಟ್ಟ ಜಾಗ ನೋಡಿ, "ಇಲ್ಲಿ ಖಾಲಿ ಅದ ಸರ, ನಮ್ಮ ಕಾಕಾನ ಫೋಟೋ ಹಾಕ್ರಿ" ಅನ್ನುತ್ತಾರೆ. ನಾನು ವಾದ ಮಾಡುವುದಿಲ್ಲ. ಫೋಟೋ ಇರುವುದು, ಇಲ್ಲದ್ದು ಎರಡನ್ನೂ ಪ್ರಿಂಟ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. "ರಸ್ತೆ ಆಚೆ ನಿಂತು ತಾರೀಖು ಓದ್ರಿ" ಅನ್ನುತ್ತೇನೆ.