ಮಂಚ ತಿರುಗಿಸಿದ ಮೇಲೂ ಹೋಗದ ತಲೆನೋವು

ನಮ್ಮ ಸೋದರಮಾವನಿಗೆ ಬೆಳಿಗ್ಗೆ ಎದ್ದರೆ ತಲೆನೋವು. ಹಣೆಯ ಎರಡೂ ಬದಿ ಒತ್ತಿ ಹಿಡಿದ ಹಾಗೆ. ಹಲ್ಲುಜ್ಜುವ ಮೊದಲೇ ಅಮೃತಾಂಜನ ಬೇಕು. ತಿಂಡಿ ಮುಗಿದು ಪೇಪರ್ ಮಡಚುವ ಹೊತ್ತಿಗೆ ನೋವು ತಾನಾಗಿ ಮಾಯ. ಅತ್ತೆ ಕಾರಣ ಹುಡುಕಿಯೇಬಿಟ್ಟರು: ಮಂಚದ ತಲೆ ಉತ್ತರಕ್ಕಿತ್ತು. ನಾಲ್ಕು ಜನ ಸೇರಿ ಆ ತೇಗದ ಮಂಚವನ್ನು ಪೂರ್ವಕ್ಕೆ ತಿರುಗಿಸಿದ್ದಾಯಿತು. ನೋವು ಜಗ್ಗಲಿಲ್ಲ.

ಉತ್ತರಕ್ಕೆ ತಲೆ ಹಾಕಿದ ಆನೆ ಗಣಪತಿಗಾಗಿ ತಲೆ ಕಳೆದುಕೊಂಡ ಕತೆಯನ್ನು ಅಜ್ಜಿ ಹೇಳುತ್ತಿದ್ದರು. ಕತೆ ಚೆಂದ, ತಕರಾರಿಲ್ಲ. ಸಿಟ್ಟು ಬರುವುದು ಈಗ ವಾಟ್ಸಾಪ್‌ನಲ್ಲಿ ಓಡಾಡುವ ‘ವೈಜ್ಞಾನಿಕ ಕಾರಣ’ಕ್ಕೆ: ರಕ್ತದಲ್ಲಿ ಕಬ್ಬಿಣವಿದೆ, ಭೂಮಿ ಅಯಸ್ಕಾಂತ, ಹಾಗಾಗಿ ರಕ್ತವೆಲ್ಲ ತಲೆಗೆ! ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇರುವುದು ಬಿಡಿಬಿಡಿ ಪರಮಾಣುಗಳಾಗಿ; ಮೊಳೆಯಲ್ಲಿರುವಂತೆ ಗುಂಪುಗೂಡಿ ಅಯಸ್ಕಾಂತಕ್ಕೆ ಓಗೊಡುವ ಶಕ್ತಿ ಅದಕ್ಕಿಲ್ಲ. 1845ರಲ್ಲೇ ವಿಜ್ಞಾನಿ ಮೈಕೆಲ್ ಫ್ಯಾರಡೆ ಒಣಗಿದ ರಕ್ತ ಅಯಸ್ಕಾಂತಕ್ಕೆ ಒಲಿಯದ್ದನ್ನು ಕಂಡಿದ್ದರು. 1936ರಲ್ಲಿ ರಸಾಯನಶಾಸ್ತ್ರಜ್ಞರಾದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇನ್ನೂ ಸೂಕ್ಷ್ಮವಾಗಿ ಅಳೆದರು: ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ಕೂದಲೆಳೆಯಷ್ಟು ದೂರ ಸರಿಯುತ್ತದೆ, ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ ದುರ್ಬಲವಾಗಿ ಹತ್ತಿರ ಬರುತ್ತದೆ. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ (ಟೆಸ್ಲಾ ಎಂಬ ಅಳತೆಯ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋಟೆಸ್ಲಾ). ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ 37,000 ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ಗಂಟೆ ಮಲಗಿದವರು ಎದ್ದು ಬಂದು ಆಟೋ ಹಿಡಿದು ಮನೆಗೆ ಹೋಗುತ್ತಾರೆ.

ನಿಜವಾದ ಉತ್ತರ ಮಾವನ ಗೊರಕೆಯಲ್ಲಿತ್ತು. ಒಂದು ರಾತ್ರಿ ಅದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದೆ. ಗರಗಸದಂತೆ ಸಾಗಿದ್ದ ಗೊರಕೆ ಥಟ್ಟನೆ ನಿಂತಿತು. ಎದೆ ಏರಿಳಿಯುತ್ತಿದೆ, ಉಸಿರಿನ ಸದ್ದೇ ಇಲ್ಲ. ಎಣಿಸಿದೆ; ಇಪ್ಪತ್ತಮೂರಕ್ಕೆ ಗೊರ್ರೆಂದು ಬೆಚ್ಚಿ, ಮಗ್ಗುಲಾಗಿ, ಮತ್ತೆ ಶುರು. ಬೆಳಿಗ್ಗೆ ಕೇಳಿದರೆ, “ಚೆನ್ನಾಗಿ ನಿದ್ದೆ ಬಂತು ಕಣೋ” ಎಂದರು.

ಸ್ಲೀಪ್ ಆಪ್ನಿಯಾ ಅಂದರೆ ಇದೇ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಜಾರುತ್ತದೆ. ನೆನೆದ ಕಾಗದದ ಸ್ಟ್ರಾದಲ್ಲಿ ಎಳನೀರು ಎಳೆದಂತೆ: ಜೋರಾಗಿ ಎಳೆದಷ್ಟೂ ಅದು ಮುಚ್ಚಿಕೊಳ್ಳುತ್ತದೆ. ಉಸಿರು ಹೊರಹೋಗದೆ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತದೆ, ಹೊಗೆಗಿಂಡಿ ಕಟ್ಟಿಕೊಂಡ ಸೌದೆ ಒಲೆಯ ಅಡುಗೆಮನೆಯ ಹಾಗೆ. ಮಿದುಳಿನ ರಕ್ತನಾಳಗಳಿಗೆ ಈ ಅನಿಲವೆಂದರೆ ತೂಬು ಎತ್ತುವ ನೀರುಗಂಟಿ ಬಂದಂತೆ, ಅಗಲವಾಗಿ ತೆರೆದುಕೊಳ್ಳುತ್ತವೆ. ರಕ್ತದಲ್ಲಿ ಅದರ ಒತ್ತಡ ಪಾದರಸದ ಒಂದು ಮಿಲಿಮೀಟರ್ ಏರಿದರೆ ಮಿದುಳಿನ ರಕ್ತದ ಹರಿವು ಶೇಕಡಾ 3–4ರಷ್ಟು ಹೆಚ್ಚುತ್ತದೆ. ಬುರುಡೆಯೋ ಕಲ್ಲಿನ ಕಣಜ, ಹಿಗ್ಗುವುದಿಲ್ಲ. ಮಿದುಳಿಗೆ ನೋವೇ ತಿಳಿಯದು, ಅದರ ಹೊದಿಕೆಗೂ ದೊಡ್ಡ ರಕ್ತನಾಳಗಳಿಗೂ ಚೆನ್ನಾಗಿ ತಿಳಿಯುತ್ತದೆ. ಎದ್ದು ಸಲೀಸಾಗಿ ಉಸಿರಾಡಿದ ಮೇಲೆ ನೋವು ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ ಇಳಿಯುತ್ತದೆ; ಮಾವನ ಪೇಪರ್ ಹೊತ್ತಿನ ಲೆಕ್ಕ ಸರಿಹೋಯಿತಲ್ಲ! ಆಮ್ಲಜನಕದ ಕೊರತೆ, ತುಂಡಾದ ನಿದ್ದೆ ಇವುಗಳ ಪಾಲೆಷ್ಟು ಎಂದು ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ನನ್ನ ಒಲವು ನೀರುಗಂಟಿಯ ಕಡೆಗೆ.

ಬೆಳಗಿನ ತಲೆನೋವೆಲ್ಲ ಇದೇ ಅಲ್ಲ. ಹಲ್ಲು ಕಡಿಯುವವರಿದ್ದಾರೆ, ಮೈಗ್ರೇನ್ ಇರುವವರಿದ್ದಾರೆ, ಭಾನುವಾರ ಒಂಬತ್ತಕ್ಕೆ ಎದ್ದು ಆರರ ಕಾಫಿ ತಪ್ಪಿಸಿಕೊಂಡವರಿದ್ದಾರೆ. ಆದರೆ ಗೊರಕೆ ನಡುವೆ ಉಸಿರು ನಿಲ್ಲುತ್ತಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಲೇಬೇಕು.

1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮೂಗಿನ ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಿಂದ ಊದಿ ಗಂಟಲು ಮುಚ್ಚದಂತೆ ನೋಡಿಕೊಂಡರು. ಗಾಳಿ ಊದಲು ಬಳಸಿದ್ದು ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರು. ಅದರ ಮೊಮ್ಮಗನಂಥ ಪುಟ್ಟ ಯಂತ್ರ ಈಗ ಮಾವನ ತಲೆದಿಂಬಿನ ಪಕ್ಕದಲ್ಲಿದೆ. ಅಮೃತಾಂಜನದ ಡಬ್ಬಿ ತೆರೆದು ತಿಂಗಳಾಯಿತು. ಪೂರ್ವಕ್ಕೆ ತಿರುಗಿಸಿದ್ದರ ಫಲ ಈಗ ಸಿಕ್ಕಿತು ಎನ್ನುತ್ತಾರೆ ಅತ್ತೆ.