ಫಾಕ್ಸ್‌ಟೈಲ್ ಪಾಮ್ ಹಳದಿಯಾಗಿದೆಯೇ? ಯಾವ ಗರಿ ಅಂತ ಮೊದಲು ನೋಡಿ

ಪ್ರಶ್ನೆ: ಕೋಲಾರದಲ್ಲಿ ಹೊಸ ಮನೆಯ ಗೇಟಿನ ಎರಡೂ ಪಕ್ಕ ಫಾಕ್ಸ್‌ಟೈಲ್ ಪಾಮ್ ನೆಟ್ಟು ಎರಡು ವರ್ಷವಾಯಿತು. ಗಟ್ಟಿ ಗಿಡ, ಏನೂ ಆಗಲ್ಲ ಅಂದಿದ್ದರು. ಈಗ ಗರಿ ಹಳದಿಯಾಗುತ್ತಿದೆ. ಯೂರಿಯಾ ಹಾಕಿದ ಮೇಲೆ ಇನ್ನೂ ಜಾಸ್ತಿಯಾಯಿತು. ಏನು ಮಾಡೋಣ?

ಉತ್ತರ: ಯೂರಿಯಾ ನಿಲ್ಲಿಸಿ. ಆಮೇಲೆ ಹಳದಿ ಬಂದಿರುವುದು ಕೆಳಗಿನ ಹಳೇ ಗರಿಗೋ, ಸುಳಿಯಿಂದ ಬಿಚ್ಚಿಕೊಂಡ ಹೊಸ ಗರಿಗೋ ನೋಡಿ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಕೆಳಗಿನ ಗರಿಯಾದರೆ ಹೆಚ್ಚಿನ ಪಾಲು ಪೊಟ್ಯಾಷ್ ಕೊರತೆ. ಗರಿಯನ್ನು ಬಿಸಿಲಿಗೆ ಹಿಡಿದರೆ ಹಳದಿ-ಕಿತ್ತಳೆ ಚುಕ್ಕಿಗಳು ಕಾಣುತ್ತವೆ, ತುದಿ ಸುಟ್ಟಂತೆ ಒಣಗಿರುತ್ತದೆ. ಗಿಡ ಹಳೇ ಗರಿಯಿಂದ ಪೊಟ್ಯಾಷ್ ಎಳೆದು ಹೊಸ ಗರಿಗೆ ಕೊಡುತ್ತಿರುತ್ತದೆ. ಯೂರಿಯಾ ಬಿದ್ದರೆ ಹೊಸ ಗರಿ ಬೇಗ ಬೇಗ ಹೊರಡುತ್ತದೆ, ಹಳೆಯದರ ಮೇಲಿನ ಎಳೆತವೂ ಹೆಚ್ಚುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ನೋಡಲು ಚೆನ್ನಾಗಿಲ್ಲ ಅಂತ ಆ ಗರಿ ಕತ್ತರಿಸಿದರೆ ಉಗ್ರಾಣವನ್ನೇ ಕತ್ತರಿಸಿದಂತೆ, ಮೇಲಿನ ಗರಿಯೂ ಹಳದಿಗೆ ತಿರುಗುತ್ತದೆ. ಫಾಕ್ಸ್‌ಟೈಲ್ ಒಣಗಿದ ಗರಿಯನ್ನು ಬುಡದ ಹಾಳೆ ಸಮೇತ ತಾನೇ ಕಳಚುತ್ತದೆ, ಹಸಿರು ಹಾಳೆಯನ್ನು ಕೈಯಿಂದ ಸುಲಿಯಬೇಡಿ.

ನೆಟ್ಟು ಎರಡು ವರ್ಷವಾದ ನಿಮ್ಮ ಗಿಡಕ್ಕೆ ಮೂರು ತಿಂಗಳಿಗೊಮ್ಮೆ 150 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, ಜೊತೆಗೆ 75 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಡಿ. ಪೊಟ್ಯಾಷ್ ಒಂದನ್ನೇ ಸುರಿದರೆ ಮೆಗ್ನೀಸಿಯಂ ಕೊರತೆ ಎದ್ದು ಬರುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೆಂಪು ಪೊಟ್ಯಾಷ್ ಕ್ಲೋರೈಡ್ ರೂಪದ್ದು. ಉಪ್ಪಿನಂಶದ ಬೋರ್ ನೀರು ಕುಡಿಯುವ ಗಿಡಕ್ಕೆ ಅದು ಬೇಡ. ಕಾಂಡದಿಂದ ಒಂದಡಿ ಬಿಟ್ಟು ಪಾತಿಯಲ್ಲೆಲ್ಲ ಚೆಲ್ಲಿ ನೀರು ಕೊಡಿ.

ಹೊಸ ಗರಿ ಹಳದಿಯಾದರೆ ವಿಷಯವೇ ಬೇರೆ. ನರ ಹಸಿರಾಗಿದ್ದು ನಡುವೆ ಹಳದಿಯಿದ್ದರೆ ಕಬ್ಬಿಣದ ಕೊರತೆ. ಗರಿ ಗಿಡ್ಡವಾಗಿ, ಮುದುರಿ, ಸುಟ್ಟಂತೆ ಬಂದರೆ ಮ್ಯಾಂಗನೀಸ್ ಕೊರತೆ. ಮಣ್ಣಲ್ಲಿ ಇವೆರಡೂ ಇದ್ದೇ ಇರುತ್ತವೆ, ಬೇರಿಗೆ ಸಿಗುತ್ತಿರುವುದಿಲ್ಲ, ಅಷ್ಟೆ. ಹೊಸ ಮನೆಯಾದರೆ ಗುಂಡಿಯನ್ನೇ ಅನುಮಾನಿಸಿ. ಕಾಂಪೌಂಡ್ ಪಕ್ಕ ಒಂದಡಿ ಕೆದಕಿ: ಗಾರೆ ಚೂರು, ಸಿಮೆಂಟ್ ಪುಡಿ, ಸುಣ್ಣದ ಗಟ್ಟಿ ಸಿಕ್ಕರೆ ಮಣ್ಣು ಕ್ಷಾರವಾಗಿದೆ ಎಂದರ್ಥ. ಅದನ್ನು ಆದಷ್ಟೂ ತೆಗೆದು ಕೆಂಪುಮಣ್ಣು ತುಂಬಿ. ಲೀಟರಿಗೆ 3 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಕರಗಿಸಿ ಸುಳಿ, ಗರಿ ನೆನೆಯುವಂತೆ ಸಿಂಪಡಿಸಿ. ಬುಡಕ್ಕೂ 100 ಗ್ರಾಂ ಕೊಡಿ. ಕಬ್ಬಿಣದ ಕೊರತೆಗೆ ಔಷಧಿಗಿಂತ ಮೊದಲು ನೆಟ್ಟ ಆಳ ನೋಡಬೇಕು. ಬೇರುಂಡೆಯ ಮೇಲ್ಭಾಗ ನೆಲದ ಮಟ್ಟದಲ್ಲೇ ಇರಬೇಕು. ಗಾಳಿಗೆ ಬೀಳದಿರಲಿ ಅಂತ ಅರ್ಧ ಅಡಿ ಕಾಂಡ ಹೂತಿದ್ದರೆ ಬೇರಿಗೆ ಉಸಿರಾಡಲು ಆಗುವುದಿಲ್ಲ.

ಈ ಪಾಮ್‌ನ ತವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೇ 1983ರಲ್ಲಿ. ಅಲ್ಲಿ ನಮ್ಮ ಅಂತರಗಂಗೆ ಬೆಟ್ಟದಂತೆಯೇ ಗ್ರಾನೈಟ್ ಬಂಡೆಗಳ ರಾಶಿ, ಸಂದಿಯಲ್ಲಿ ಮರ. ನೀರು ಬೀಳುತ್ತದೆ, ಹರಿದು ಹೋಗುತ್ತದೆ. ಗಟ್ಟಿ ಗಿಡ ಅನ್ನುವ ಮಾತು ಅಂಥ ಜಾಗದಲ್ಲಿ ನಿಜ. ಆದರೆ ಗಟ್ಟಿ ಗರಸಿನಲ್ಲಿ ತೋಡಿದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಪಾತಿ ತುಂಬಿಸಿ, ನಾಲ್ಕೈದು ಗಂಟೆಯಾದರೂ ಇಂಗದಿದ್ದರೆ ಅಂಚಿನ ಸುತ್ತ ಗಡಾರಿಯಿಂದ ಎರಡಡಿ ಆಳದ ನಾಲ್ಕಾರು ತೂತು ಹೊಡೆದು ಜಲ್ಲಿ ತುಂಬಿ.

ಎಲ್ಲ ಗರಿಗಳ ತುದಿಯೂ ಒಂದೇ ಸಮ ಕಂದಾಗಿದ್ದರೆ ನೀರಿನ ಉಪ್ಪು ಕಾರಣವಿರಬಹುದು. ಈ ಭಾಗದಲ್ಲಿ ಫ್ಲೋರೈಡ್ ಭಯಕ್ಕೆ ಮನೆ ಮನೆಗೂ ಆರ್‌ಒ ಬಂದಿದೆ, ಅದರ ಪೋಲು ನೀರಿನ ಪೈಪು ನೇರ ಗಿಡದ ಪಾತಿಗೆ! ಬೋರ್ ನೀರಿನ ಉಪ್ಪೆಲ್ಲ ಗಟ್ಟಿಯಾಗಿ ಉಳಿಯುವುದು ಆ ನೀರಿನಲ್ಲೇ. ನೆಲ ಒರೆಸಲು ಬಳಸಿ, ಪಾಮ್‌ಗೆ ಬೇಡ. ದಿನಾ ಒಂದೊಂದು ಚೊಂಬು ಹಾಕುವುದೂ ಬೇಡ. ಬೇಸಿಗೆಯಲ್ಲಿ ವಾರಕ್ಕೆರಡು ಸಲ 40 ಲೀಟರ್ ಕೊಟ್ಟರೆ ಉಪ್ಪು ಕೆಳಕ್ಕಿಳಿಯುತ್ತದೆ. ಮಳೆ ಹಿಡಿದಾಗ ನಿಲ್ಲಿಸಿ. ಅನುಮಾನ ಉಳಿದರೆ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡುವುದು ಒಳ್ಳೆಯದು. ತಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹಳದಿಯಾದ ಗರಿ ಮತ್ತೆ ಹಸಿರಾಗದು. ಹೊಸದಾಗಿ ಬರುವ ಗರಿ ನೋಡಿ ಲೆಕ್ಕ ಹಾಕಿ. ಪೊಟ್ಯಾಷ್ ಕೊರತೆ ಪೂರ್ತಿ ಮಾಯಲು ವರ್ಷದ ಮೇಲೇ ಬೇಕು.

ಗರಿಯನ್ನು ಕತ್ತರಿಯಿಂದ ‘ವಿ’ ಆಕಾರಕ್ಕೆ ಕತ್ತರಿಸಿದಂತೆ ಕಂಡರೆ ಅದು ಕೊರತೆಯಲ್ಲ, ರೈನೋಸರಸ್ ದುಂಬಿ. ಹತ್ತಿರದ ತಿಪ್ಪೆಯಲ್ಲಿ ಅದರ ಮರಿಹುಳು ಬೆಳೆಯುತ್ತದೆ. ಹಸಿ ಸಗಣಿಯನ್ನು ಬುಡಕ್ಕೆ ಹಾಕದೆ, ಕಳಿತ ಗೊಬ್ಬರವನ್ನೇ ಹಾಕಿ. ಸುಳಿ ಎಳೆದರೆ ಕೊಳೆತ ವಾಸನೆಯೊಂದಿಗೆ ಕೈಗೆ ಬಂದರೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಸುಳಿಗೆ ಸುರಿದು ಕಾಯಿರಿ. ಪಾಮ್‌ಗೆ ಇರುವುದು ಒಂದೇ ಸುಳಿ. ಮೂರ್ನಾಲ್ಕು ತಿಂಗಳಲ್ಲಿ ಹೊಸದು ಹೊರಡದಿದ್ದರೆ ಗಿಡ ಕಿತ್ತುಹಾಕಿ, ಗುಂಡಿ ಸರಿಮಾಡಿದ ಮೇಲೆಯೇ ಇನ್ನೊಂದು ತನ್ನಿ.