ಪುಕ್ಕಟೆ ಪುಸ್ತಕವನ್ನೂ ಗ್ರಂಥಾಲಯ ಯಾಕೆ ಯೋಚಿಸಿ ತೆಗೆದುಕೊಳ್ಳುತ್ತದೆ?

ಗ್ರಂಥಾಲಯಕ್ಕೆ ಪುಸ್ತಕ ಕೊಡುತ್ತೇವೆಂದು ಹೋದವರಿಗೆ ಈಗ ಹೆಚ್ಚಾಗಿ ಸಿಗುವ ಉತ್ತರ, ‘ಮೊದಲು ಪಟ್ಟಿ ಕಳಿಸಿ, ನೋಡಿ ಹೇಳುತ್ತೇವೆ’ ಎಂಬುದು. ಜೀವಮಾನವಿಡೀ ಕೂಡಿಟ್ಟದ್ದನ್ನು ಪುಕ್ಕಟೆ ಕೊಡುತ್ತೇವೆಂದರೂ ಹೀಗನ್ನುತ್ತಾರಲ್ಲ ಎಂದು ನೋವಾಗುವುದು ಸಹಜ. ಆದರೆ ಈ ಎಚ್ಚರ ಇಂದು ನಿನ್ನೆ ಹುಟ್ಟಿದ್ದಲ್ಲ. ಒಳ್ಳೊಳ್ಳೆಯ ದಾನಗಳೇ ಮೂಲೆಗುಂಪಾದುದನ್ನು ಕಂಡು ಗ್ರಂಥಾಲಯಗಳು ಕಲಿತ ಪಾಠ ಅದು.

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಆಟೋಮನ್ನರ ವಶವಾದಾಗ ಗ್ರೀಕ್ ಗ್ರಂಥಗಳು ಎಲ್ಲಿ ಅಳಿದುಹೋಗುತ್ತವೋ ಎಂದು ಕಳವಳಪಟ್ಟವರಲ್ಲಿ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು ಕಾರ್ಡಿನಲ್ ಬೆಸ್ಸಾರಿಯನ್ ಒಬ್ಬರು. ಹಸ್ತಪ್ರತಿಗಳನ್ನು ಹುಡುಕಿಸಿದರು, ನಕಲು ಮಾಡಿಸಿದರು. 1468ರಲ್ಲಿ 700ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ವೆನಿಸ್ ಗಣರಾಜ್ಯಕ್ಕೆ ಕೊಟ್ಟರು. ಓದುವವರ ಕೈಗೆ ಅವು ಸಿಗಬೇಕೆಂಬುದೇ ಅವರ ಆಸೆ. ವೆನಿಸ್ ಸಂತೋಷದಿಂದಲೇ ಸ್ವೀಕರಿಸಿತು, ಆದರೆ ಜಾಗ ಮಾಡಿಕೊಡಲಿಲ್ಲ. ದಶಕಗಟ್ಟಲೆ ಆ ಗ್ರಂಥಗಳು ಅರಮನೆಯಲ್ಲಿ ಪೆಟ್ಟಿಗೆಯೊಳಗೇ ಉಳಿದವು. ಅವಕ್ಕೆಂದು ಕಟ್ಟಡದ ಕೆಲಸ ಶುರುವಾದದ್ದು 1537ರಲ್ಲಿ. ದಾನಿ ಕಣ್ಮುಚ್ಚಿ ಆಗಲೇ 65 ವರ್ಷ ಕಳೆದಿತ್ತು.

ಆಕ್ಸ್‌ಫರ್ಡ್‌ನದು ಇನ್ನೂ ಬೇಸರದ ಕಥೆ. 15ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜಮನೆತನದ ಡ್ಯೂಕ್ ಹಂಫ್ರಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ 281ಕ್ಕೂ ಹೆಚ್ಚು ಹಸ್ತಪ್ರತಿ ಕೊಟ್ಟ. ಅವನ್ನಿಡಲು ಕಟ್ಟಿದ ಸಭಾಂಗಣ 1488ರಲ್ಲಿ ತೆರೆಯಿತು. ಸುಮಾರು ಅರವತ್ತು ವರ್ಷಗಳ ನಂತರ ಧಾರ್ಮಿಕ ಸುಧಾರಣೆಯ ಹೆಸರಿನಲ್ಲಿ ಪುಸ್ತಕಗಳನ್ನು ಹೊರಹಾಕಿದರು. ಖಾಲಿ ಉಳಿದ ಕೋಣೆಯ ಪೀಠೋಪಕರಣವೂ 1556ರಲ್ಲಿ ಮಾರಾಟವಾಯಿತು. ಆ ಗ್ರಂಥಾಲಯವನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಇಂಗ್ಲೆಂಡಿನ ರಾಜತಾಂತ್ರಿಕ ಥಾಮಸ್ ಬಾಡ್ಲಿ. 1598ರಲ್ಲಿ ಹೊಣೆ ಹೊತ್ತು 1602ರಲ್ಲಿ ಬಾಗಿಲು ತೆರೆಸಿದ. ಬಾಡ್ಲಿಯ ಹೆಚ್ಚುಗಾರಿಕೆ ಪುಸ್ತಕ ಕೊಟ್ಟದ್ದರಲ್ಲಷ್ಟೇ ಇಲ್ಲ. ಗ್ರಂಥಾಲಯ ಮುಂದೆಯೂ ನಡೆಯುವಂತೆ ಬಾಡಿಗೆ ಬರುವ ಆಸ್ತಿಯನ್ನೂ ಬಿಟ್ಟುಹೋದ. ದಾನಿಗಳ ಹೆಸರು ಬರೆಯಲು ದೊಡ್ಡದೊಂದು ಪುಸ್ತಕ ಮಾಡಿಸಿ ಬಂದವರ ಕಣ್ಣಿಗೆ ಬೀಳುವಂತೆ ಇಡಿಸಿದ. ಪುಸ್ತಕ ಕೊಡುವುದು, ಅದನ್ನು ಸಾಕುವುದು ಬೇರೆಬೇರೆ ಕೆಲಸ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಅರಿತ ದಾನಿಗಳು ಕಡಿಮೆ.

ದಾನಿಗಳು ಹಾಕುವ ಷರತ್ತಿನ ಮಾತಿಗೆ ಬಂದರೆ, ದಿನಚರಿಯಿಂದ ಹೆಸರಾದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್‌ನನ್ನು ನೆನೆಯಲೇಬೇಕು. 1703ರಲ್ಲಿ ತೀರಿಕೊಂಡ ಆತನ 3,000 ಸಂಪುಟಗಳು 1724ರಲ್ಲಿ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿಗೆ ಬಂದವು. ಹೊಸದಾಗಿ ಒಂದೂ ಪುಸ್ತಕ ಸೇರಕೂಡದು, ಒಂದೂ ಹೊರಹೋಗಕೂಡದು ಎಂಬುದು ಷರತ್ತು. ಗಾತ್ರಕ್ಕೆ ತಕ್ಕಂತೆ ಜೋಡಿಸಿದ ಆ ಸಾಲುಗಳು ಅವನದೇ ಕಪಾಟುಗಳಲ್ಲಿ ಇಂದಿಗೂ ಇವೆ. ಒಬ್ಬ ಓದುಗನ ಮನಸ್ಸನ್ನು ಇಡಿಯಾಗಿ ಕಾಣಬಹುದಾದ ಅಪರೂಪದ ಜಾಗ ಅದು. ಆದರೆ ಪ್ರತಿ ದಾನಿಯೂ ಹೀಗೇ ಕೇಳಿದರೆ ಹೊಸ ಓದುಗರಿಗೆ ಹೊಸ ಪುಸ್ತಕ ತರಲು ಜಾಗವೇ ಇರುವುದಿಲ್ಲ.

ಜನಸಾಮಾನ್ಯರ ದಾನ ದೊಡ್ಡ ಪ್ರಮಾಣಕ್ಕೆ ಏರಿದ್ದು ಪುಸ್ತಕ ಅಗ್ಗವಾದ ಮೇಲೆ. ಎರಡನೇ ಮಹಾಯುದ್ಧದಲ್ಲಿ, 1942–43ರ ಸುಮಾರಿಗೆ, ಅಮೆರಿಕದಲ್ಲಿ ಸೈನಿಕರಿಗಾಗಿ ನಡೆದ ‘ವಿಕ್ಟರಿ ಬುಕ್ ಕ್ಯಾಂಪೇನ್’ಗೆ ಒಂದು ಕೋಟಿಗೂ ಮೀರಿ ಪುಸ್ತಕ ಬಂದವು. ಜನರ ಪ್ರೀತಿ ದೊಡ್ಡದೇ. ಆದರೆ ಮಕ್ಕಳ ಪುಸ್ತಕ, ಹರಿದ ಪ್ರತಿ, ಯಾರಿಗೂ ಬೇಡವಾದ ಪುಸ್ತಕವೆಲ್ಲ ರಾಶಿ ಬಿದ್ದು, ಲಕ್ಷಾಂತರ ಪ್ರತಿಗಳನ್ನು ಬದಿಗಿಡಬೇಕಾಯಿತು. 1943ರಲ್ಲಿ ಸೈನಿಕರ ಜೇಬಿಗೆ ಹಿಡಿಸುವ ಅಗ್ಗದ ಆವೃತ್ತಿಗಳನ್ನು ಹೊಸದಾಗಿಯೇ ಅಚ್ಚು ಹಾಕಿಸತೊಡಗಿದರು.

ದಾನದ ಪೆಟ್ಟಿಗೆಯೊಂದು ಬಿಚ್ಚಿದಾಗ ಆಗುವುದೇನು? ಮೊದಲು ಮೂಗಿಗೆ ಬಡಿಯುವುದು ಬೂಷ್ಟಿನ ವಾಸನೆ. ಒಂದು ಪುಸ್ತಕಕ್ಕೆ ಬೂಷ್ಟು ಹಿಡಿದಿದ್ದರೆ ಅದನ್ನು ಕಪಾಟಿನ ಹತ್ತಿರ ಒಯ್ಯುವಂತಿಲ್ಲ. ತೇವ ಸಿಕ್ಕರೆ ಅಕ್ಕಪಕ್ಕದವಕ್ಕೂ ಹಬ್ಬುತ್ತದೆ. ಬೈಂಡಿನ ಅಂಟು ತಿನ್ನುವ ಬೆಳ್ಳಿಹುಳು ಇದೆಯೇ ನೋಡಬೇಕು. ಅದೇ ಶೀರ್ಷಿಕೆ ಆಗಲೇ ಇದೆಯೇ ಹುಡುಕಬೇಕು. ಹಳೆಯ ವೈದ್ಯಕೀಯ ಅಥವಾ ಕಾನೂನಿನ ಪುಸ್ತಕವಾದರೆ ಓದಿದವರ ದಾರಿ ತಪ್ಪಿಸೀತೇ ಎಂದು ಯೋಚಿಸಬೇಕು. ಇಷ್ಟೆಲ್ಲ ದಾಟಿದ ಮೇಲೆ ವರ್ಗೀಕರಣ, ಕ್ಯಾಟಲಾಗ್, ಮುದ್ರೆ, ಚೀಟಿ. ಕೊಂಡ ಪುಸ್ತಕಕ್ಕೆ ಹಿಡಿಯುವಷ್ಟೇ ಹೊತ್ತು ಕೊಟ್ಟ ಪುಸ್ತಕಕ್ಕೂ ಹಿಡಿಯುತ್ತದೆ, ಕೆಲವೊಮ್ಮೆ ಹೆಚ್ಚೇ.

ಗ್ರಂಥಾಲಯಗಳು ದಾನದ ನಿಯಮಗಳನ್ನು ಲಿಖಿತವಾಗಿ ಇಟ್ಟುಕೊಳ್ಳುವುದು ಇದರಿಂದಾಗಿಯೇ. ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ ಇಫ್ಲಾ ಕೂಡ 2008ರಲ್ಲಿ ದಾನದ ಬಗ್ಗೆಯೇ ಮಾರ್ಗಸೂಚಿ ಹೊರತಂದಿತು. ಕೊಟ್ಟ ಮೇಲೆ ಪುಸ್ತಕ ಗ್ರಂಥಾಲಯದ ಸ್ವತ್ತು, ಬೇಡವಾದರೆ ಮಾರಬಹುದು ಅಥವಾ ಬೇರೆಯವರಿಗೆ ಕೊಡಬಹುದು ಎಂಬ ಸಾಲು ಇಂಥ ನಿಯಮಗಳಲ್ಲಿ ಸಾಮಾನ್ಯ. ದಾನಿಗಳು ಅಳುಕುವುದೂ ಅಲ್ಲೇ. ಆ ಅಳುಕು ಸುಳ್ಳಲ್ಲ: ಷೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಗ್ರಹ ಆವೃತ್ತಿಯಾದ 1623ರ ‘ಮೊದಲ ಫೋಲಿಯೊ’ದ ಪ್ರತಿಯೊಂದು, ಬಾಡ್ಲಿ ಎತ್ತಿ ನಿಲ್ಲಿಸಿದ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದ ಕೈಯಲ್ಲೇ ಇತ್ತು. ಹೊಸ ಆವೃತ್ತಿ ಬಂದಿತೆಂದು ಹಳೆಯದನ್ನು ಬಿಟ್ಟುಕೊಟ್ಟರು. ಅದೇ ಪ್ರತಿಯನ್ನು 1906ರಲ್ಲಿ ಮರಳಿ ಪಡೆಯಲು ಸಾರ್ವಜನಿಕರಿಂದ ವಂತಿಗೆ ಎತ್ತಿ 3,000 ಪೌಂಡ್ ತೆರಬೇಕಾಯಿತು.

ಹಾಗಾಗಿ ಪಟ್ಟಿ ಕೇಳಿದರೆ ದಯವಿಟ್ಟು ಬರೆದುಕೊಡಿ, ಬೇಸರ ಬೇಡ. ಎಲ್ಲೆಡೆ ಸಿಗುವ ಜನಪ್ರಿಯ ಕಾದಂಬರಿಯ ಹತ್ತನೇ ಪ್ರತಿಗಿಂತ, ಕೆಲವೇ ಪ್ರತಿ ಅಚ್ಚಾದ ಸ್ಮರಣ ಸಂಚಿಕೆ, ನಿಂತುಹೋದ ಸಣ್ಣ ಪತ್ರಿಕೆಯ ಸಂಪುಟ, ಊರೊಂದರ ಚರಿತ್ರೆ, ಕೈಬರಹದ ದಿನಚರಿ ಗ್ರಂಥಪಾಲಕರಿಗೆ ಹೆಚ್ಚು ಬೇಕಾದವು. ಬಹಳಷ್ಟು ಸಲ ದಾನಿ ಇವನ್ನೇ ಕಸವೆಂದು ಬದಿಗಿಟ್ಟಿರುತ್ತಾರೆ. ಪಟ್ಟಿಯಲ್ಲಿ ಅವನ್ನೂ ಸೇರಿಸಿ.